ನವಾಬನ ತೊಡೆ

"ಬಾಯಾರ, ನನ್ನ ತೊಡಿ ಅಳಲಾಕತ್ತಾವರಿ."

ಫೋನಿನಲ್ಲಿ ಗಂಡಸೊಬ್ಬರು ಹೀಗೆ ಅಂದರೆ ಬೇರೆ ಯಾರಾದರೂ ಗಾಬರಿಯಾಗುತ್ತಿದ್ದರು. ನಾನು ಮಾತ್ರ "ಎಷ್ಟು ತೊಡೀರಿ? ಯಾವಾಗಿಂದ?" ಎಂದು ಕೇಳಿದೆ. ಆ ಕಡೆ ಇದ್ದವರು ಸಿಕಂದರಾಬಾದಿನ ಆಚೆಗಿದ್ದ ಹಂದಿಮಾಂಸದ ಕಾರ್ಖಾನೆಯೊಂದರಲ್ಲಿ ಹ್ಯಾಮ್ ವಿಭಾಗದ ಸೂಪರ್‌ವೈಸರು. ಹಂದಿಯ ಹಿಂದೊಡೆಯನ್ನು ಉಪ್ಪುನೀರಿನಲ್ಲಿ ದಿನಗಟ್ಟಲೆ ನೆನೆಸಿ, ಬಿಗಿದು ಕಟ್ಟಿ, ಹೊಗೆ ಹಾಕಿ ಬೇಯಿಸಿದರೆ ಹ್ಯಾಮ್ ಆಗುತ್ತದೆ. ಅವರ ಬಾಯಲ್ಲಿ ಅದು ಬರೀ 'ತೊಡಿ'. ಬೀದರಿನ ಕ್ರಿಶ್ಚಿಯನ್ ಮನೆತನದವರು. ದಿನವಿಡೀ ತೆಲುಗು, ದಖನಿ ಆಡಿ ನಾಲಿಗೆ ದಣಿದಾಗ ಎರಡು ಕನ್ನಡದ ಮಾತಿಗೆಂದೇ ನನಗೆ ಫೋನು ಮಾಡುತ್ತಾರೆಂದು ನನಗೆ ಗುಮಾನಿ. ಆ ದಿನ ಮಾತ್ರ ದನಿಯಲ್ಲಿ ಹರಟೆ ಇರಲಿಲ್ಲ.

"ಕೊಕ್ಕಿಗೆ ಹಾಕಿದ ತೊಡಿ, ಬೆಳಗಾಗೂದ್ರಾಗ ಕೆಳಗ ಪರಾತ ತುಂಬ ನೀರು. ಬಣ್ಣ ಬೆಳ್ಳಗ, ಒತ್ತಿದ್ರ ಬೆರಳು ಒಳಗ. ಬೇಯಿಸಿ ಕೊಯ್ದ್ರ ಹೋಳು ನಿಲ್ಲಂಗಿಲ್ಲ, ಉದುರ್ತದ. ನೀವು ಹಂದಿ ಕಳಿಸ್ತೀರೋ, ನೀರಿನ ಚೀಲ ಕಳಿಸ್ತೀರೋ?"

ಎಂಬತ್ತರ ದಶಕದ ಮಾತಿದು. ನಾನಾಗ ಹೈದರಾಬಾದಿನ ಹೊರಗಿನ ಒಂದು ಸರ್ಕಾರಿ ಹಂದಿ ತಳಿ ಕೇಂದ್ರದಲ್ಲಿ ತಳಿವಿಜ್ಞಾನಿ. ಓದಿದ್ದೆಲ್ಲ ತೆಲುಗು, ಇಂಗ್ಲಿಷಿನಲ್ಲಿ. ಕನ್ನಡ ಕಲಿತದ್ದು ಮನೆಯಲ್ಲಿ, ಅಜ್ಜಿಯ ಬಾಯಿಂದ, ಸೋದರತ್ತೆಯ ಬಾಯಿಂದ. ಆದ್ದರಿಂದ ಇಲ್ಲಿ ವಿಜ್ಞಾನವೂ ಸ್ವಲ್ಪ ಅಡುಗೆಮನೆಯ ದಾರಿಯಲ್ಲೇ ಬಂದರೆ ಓದುವವರು ಸಹಿಸಿಕೊಳ್ಳಬೇಕು.

ಆ ಫೋನು ನನ್ನನ್ನು ಕಾಡಿದ್ದಕ್ಕೆ ಕಾರಣ ಹ್ಯಾಮ್ ಒಂದೇ ಅಲ್ಲ. ಕಾರ್ಖಾನೆಗೆ ಹೋಗುತ್ತಿದ್ದ ಹಂದಿಗಳು ನಮ್ಮ ಕೇಂದ್ರದ ನವಾಬನ ಮೊಮ್ಮಕ್ಕಳು. ನವಾಬ ಅಂದರೆ ಪರದೇಶದಿಂದ ತರಿಸಿದ ಲ್ಯಾಂಡ್‌ರೇಸ್ ಜಾತಿಯ ಬೀಜದ ಹಂದಿ. ಉದ್ದನೆಯ ಮೈ, ಕಣ್ಣಿನ ಮೇಲೆ ಇಳಿಬಿದ್ದ ಕಿವಿ. ಹಿಂದಿನಿಂದ ನೋಡಿದರೆ ಎರಡು ತಂಬೂರಿ ಜೋಡಿಸಿಟ್ಟ ಹಾಗೆ ತೊಡೆಗಳು. ಅವನ ಕೊಟ್ಟಿಗೆಗೆ ಫ್ಯಾನು ಇತ್ತು. ನನ್ನ ಪ್ರಯೋಗಾಲಯಕ್ಕೆ ಇರಲಿಲ್ಲ. ಕೇಂದ್ರಕ್ಕೆ ಯಾವ ಅಧಿಕಾರಿ ಬಂದರೂ ನಿರ್ದೇಶಕರು ಮೊದಲು ಅವನ ಬಳಿಗೇ ಕರೆದೊಯ್ದು ಹಿಂಬದಿ ತೋರಿಸುತ್ತಿದ್ದರು. ಅವರ ಕೋಣೆಯ ಗೋಡೆಯ ಮೇಲೂ ಅವನ ಫೋಟೋ ಇತ್ತು, ಹಿಂಬದಿಯದೇ.

ಆ ವರ್ಷ ನವಾಬನ ಮೊಮ್ಮಕ್ಕಳಲ್ಲಿ ತೊಡೆ ತುಂಬಿದ ಗಂಡುಗಳನ್ನು ಆರಿಸಿ, ಪಟಾನ್‌ಚೆರು ಕಡೆಯ ಹಳ್ಳಿಗಳಲ್ಲಿ ಹಂದಿ ಸಾಕುವ ಕುಟುಂಬಗಳಿಗೆ ಕೊಡುವ ಯೋಜನೆ ಇತ್ತು. ಷರತ್ತು: ಹೊಸ ಬೀಜದ ಹಂದಿ ಬೇಕೆಂದರೆ ಮೊದಲು ಕೊಟ್ಟಿಗೆಗೆ ಕಲ್ಲು ಹಾಸಬೇಕು, ತಮ್ಮ ನಾಡುಹಂದಿ ಗಂಡುಗಳ ಬೀಜ ಒಡೆಸಬೇಕು. ಎಲ್ಲರೂ ಒಡೆಸಿಯಾಗಿತ್ತು. ಅವರ ಹೆಣ್ಣುಹಂದಿಗಳು ಕಾಯುತ್ತಿದ್ದವು. ಮತ್ತು ತಳಿಗೆ ಯೋಗ್ಯ ಎಂಬ ನನ್ನ ಸಹಿ ಇಲ್ಲದೆ ಒಂದು ಗಂಡೂ ನಮ್ಮ ಗೇಟು ದಾಟುವಂತಿರಲಿಲ್ಲ. ಅವುಗಳ ಅಣ್ಣತಮ್ಮಂದಿರ ಮಾಂಸ ನೀರಾಗುತ್ತಿದ್ದರೆ, ನಾನು ಸಹಿ ಹಾಕುತ್ತಿದ್ದದ್ದು ಯಾವುದಕ್ಕೆ?

ನಿರ್ದೇಶಕರಿಗೆ ಹೇಳಿದೆ. ಅವರು ಗೋದಾವರಿ ಸೀಮೆಯವರು, ಒಳ್ಳೆಯ ಮನುಷ್ಯ, ಗಟ್ಟಿ ದನಿ. ತೆಲುಗಿನಲ್ಲೇ ಅಂದರು: "ಬಿಸಿಲಮ್ಮಾ. ಹೈದರಾಬಾದ್ ಬಿಸಿಲು. ಮನುಷ್ಯರ ತೊಡೆಯೇ ನೀರಾಗುತ್ತೆ, ಇನ್ನು ಹಂದೀದು ಆಗದೆ ಇರುತ್ತಾ?"

ಆ ವರ್ಷ ಲಾರಿಗೆ ಹತ್ತಿಸುವಾಗ ಒಂದೊಂದು ಹಂದಿ ಸೆಟೆದು ಬಿದ್ದು ಸಾಯುವುದೂ ಶುರುವಾಗಿತ್ತು, ಅದಕ್ಕೂ ಅವರದು ಇದೇ ಉತ್ತರ. ಬಿಸಿಲು.

ಸರಿ, ಮಾಂಸ ತರಿಸಿ ಪರೀಕ್ಷೆ ಮಾಡಿದೆ. ನಮ್ಮಲ್ಲೊಂದು ಪದ್ಧತಿ ಇತ್ತು. ಪ್ರಯೋಗಾಲಯದಲ್ಲಿದ್ದವರು ನಾವೆಲ್ಲ ಸಸ್ಯಾಹಾರದ ಮನೆಗಳವರು. ನನಗಿಂತ ಹಿಂದಿನ ಮುಖ್ಯಸ್ಥರು, ನಾಮ ಹಾಕಿಕೊಂಡೇ ಬರುತ್ತಿದ್ದವರು, ಕಾರ್ಖಾನೆಯ ಕೊಯ್ಯುವ ಕೋಣೆಗೆ ಯಾರೂ ಹೋಗಬೇಕಿಲ್ಲ, ಮಾದರಿಗಳು ಮಾರನೆಯ ದಿನ ಐಸ್ ಡಬ್ಬಿಯಲ್ಲಿ ಬರಲಿ ಎಂದು ಮಾಡಿಟ್ಟಿದ್ದರು. ಅವರ ಕಾಲದಲ್ಲಿ ಅಲ್ಲಿಗೆ ಬರುತ್ತಿದ್ದ ಕುರಿಮಾಂಸಕ್ಕೆ ಅದರಿಂದ ತೊಂದರೆಯಾಗಿರಲಿಲ್ಲ. ಹಂದಿಗೂ ಅದೇ ನಡೆದಿತ್ತು. ತಣ್ಣಗಿನ ಮಾಂಸಕ್ಕೆ ಹುಳಿ ಅಳೆಯುವ ಪಿಎಚ್ ಮೀಟರಿನ ಗಾಜಿನ ಕಡ್ಡಿ ಚುಚ್ಚಿ ನೋಡಿದೆ. ಐದೂವರೆಯ ಆಸುಪಾಸು. ಒಳ್ಳೆಯ ಮಾಂಸದ್ದೂ ಅಷ್ಟೇ, ಅಳುವ ಮಾಂಸದ್ದೂ ಅಷ್ಟೇ. ದೋಷವಿಲ್ಲ ಎಂದು ಬರೆದು ಕಳಿಸಿದೆ.

ಬೀದರಿನವರ ಫೋನು ಬಂತು. "ಕಾಗದ ಬಂತುರಿ ಬಾಯಾರ. ತೊಡಿಗೆ ಓದಿ ಹೇಳಿದೆ. ಆದ್ರೂ ಅಳೂದು ಬಿಡವಲ್ಲದು."

ಮತ್ತೆ ಮಾದರಿ, ಮತ್ತೆ ಅದೇ ಅಂಕಿ. ಮೂರನೆಯ ಸಲ ಅದೇ ಬಂದಾಗ ಮೀಟರನ್ನೇ ಸಂಶಯಿಸಿ ಬಿಚ್ಚಿ ಜೋಡಿಸಿದೆ. ಅದು ನೆಟ್ಟಗಿತ್ತು. ಒಂದು ಸಂಜೆ ಮನೆಯಲ್ಲಿ ಹಾಲು ಒಡೆಯಿತು. ಅತ್ತೆ ಕಾಸುತ್ತಿದ್ದ ಹಾಲಿನ ಪಾತ್ರೆಯೊಳಗೆ ನಿನ್ನೆಯ ಮಜ್ಜಿಗೆಯ ಸೌಟು ಬಿದ್ದಿತ್ತು. ಪಕ್ಕದಲ್ಲೇ ರಾತ್ರಿ ಹೆಪ್ಪಿಟ್ಟ ಗಟ್ಟಿ ಮೊಸರಿನ ಗಡಿಗೆ. ಎರಡೂ ಹುಳಿಯೇ. ಆದರೆ ಒಂದು ಚಾಕುವಿನಲ್ಲಿ ಕೊಯ್ಯುವಂತಿದೆ, ಇನ್ನೊಂದರಲ್ಲಿ ನೀರೇ ಬೇರೆ, ಗರಣಿಯೇ ಬೇರೆ. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದು ಮರೆತದ್ದು ಆಗ ನೆನಪಾಯಿತು.

ಪ್ರಾಣ ಹೋದ ಮೇಲೂ ಸ್ನಾಯುವಿನೊಳಗಿನ ಸಕ್ಕರೆ ಕರಗುತ್ತಲೇ ಇರುತ್ತದೆ, ಹುಳಿ ಹುಟ್ಟುತ್ತಲೇ ಇರುತ್ತದೆ. ಮೈ ತಣ್ಣಗಾಗುತ್ತ ಹೋದಂತೆ ನಿಧಾನವಾಗಿ ಹುಳಿ ಏರಿದರೆ ಮಾಂಸ ಗಟ್ಟಿಯಾಗಿ, ಕೆಂಪಾಗಿ, ನೀರು ಹಿಡಿದುಕೊಂಡು ಕೂರುತ್ತದೆ. ಮೈ ಇನ್ನೂ ಬಿಸಿ ಇರುವಾಗಲೇ ಹುಳಿ ಏರಿಬಿಟ್ಟರೆ, ಕಾದ ಹಾಲಿಗೆ ನಿಂಬೆ ಹಿಂಡಿದ ಹಾಗೆ, ಒಡೆಯುತ್ತದೆ. ಮಾರನೆಯ ದಿನ ಎರಡನ್ನೂ ಅಳೆದರೆ ಹುಳಿ ಒಂದೇ. ವ್ಯತ್ಯಾಸ ಇರುವುದು ಕೊಯ್ದ ಮೊದಲ ಒಂದು ಗಂಟೆಯೊಳಗೆ, ನಾವು ಯಾರೂ ಕಾಲಿಡದ ಆ ಕೊಯ್ಯುವ ಕೋಣೆಯಲ್ಲಿ.

ಅತ್ತೆಗೆ ಹೇಳಲೇಬೇಕಾಯಿತು. ಅತ್ತೆ ಅಂದರೆ ಅಪ್ಪನ ಸ್ವಂತ ಅಕ್ಕ, ಮತ್ತು ನನ್ನ ಗಂಡನ ತಾಯಿ. ವಿಜಾಪುರ ಕಡೆಯ ನಮ್ಮ ಮನೆಗಳಲ್ಲಿ ಕೊಟ್ಟು ತರುವುದು ಹೀಗೆಯೇ. ನಾನು ಹಂದಿಯ ಕೆಲಸ ಮಾಡುವುದು ಅವರಿಗೆ ಗೊತ್ತಿತ್ತು. ಆದರೆ ನೆಂಟರು ಕೇಳಿದರೆ "ದನದ ಡಾಕ್ಟರ" ಎಂದು ಮುಗಿಸುತ್ತಿದ್ದರು.

"ಕೊಯ್ಯೂ ಜಾಗಕ್ಕ ನೀನs ಹೋಗಬೇಕೇನವಾ? ಗಂಡಸ್ರು ಯಾರೂ ಇಲ್ಲೇನು ಆಫೀಸಿನ್ಯಾಗ?"

"ಅದಾರ ಅತ್ತಿ. ಅವರ ತಾಯಂದ್ರೂ ಹಿಂಗs ಕೇಳ್ಯಾರ."

ಅತ್ತೆ ವಿಭೂತಿಯ ಉಂಡೆಯನ್ನು ಎತ್ತಿ ಗೂಡಿನಲ್ಲಿಟ್ಟರು. ಆಮೇಲೆ, "ಹಿತ್ತಲ ಬಾಗಲಿಂದ ಬಾ. ಬಚ್ಚಲದಾಗ ಬಿಸಿನೀರು ಇಟ್ಟಿರತೀನಿ. ಮೈತೊಳಕೊಂಡ ಮ್ಯಾಲೆ ಒಳಗ. ನನ್ನ ಪೂಜಿ ಮುಗಿಯೂತನಕ ನನ್ನ ಮುಂದ ಮಾತ್ರ ಸುಳೀಬ್ಯಾಡ," ಅಂದರು. ಅಪ್ಪಣೆ ಸಿಕ್ಕ ಹಾಗಾಯಿತು.

ಕೊಯ್ಯುವ ಕೋಣೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಿಸಿನೀರಿನ ಹಬೆ, ಕಬ್ಬಿಣದ ಸರಪಳಿಯ ಸದ್ದು, ಕಾಲಡಿ ಒದ್ದೆ. ಮೊದಲ ದಿನ ಬೀದರಿನವರು ನನ್ನ ಪಕ್ಕದಲ್ಲೇ ನಿಂತು, "ಮ್ಯಾಲ ನೋಡಬ್ಯಾಡ್ರಿ, ಮೀಟರ್ ನೋಡ್ರಿ," ಎನ್ನುತ್ತಿದ್ದರು. ಕೊಯ್ದ ಮುಕ್ಕಾಲು ಗಂಟೆಗೆ ಸರಿಯಾಗಿ ಕಡ್ಡಿ ಚುಚ್ಚಬೇಕು. ಹುಳಿ ಏರಿದಷ್ಟೂ ಮೀಟರಿನ ಅಂಕಿ ಇಳಿಯುತ್ತದೆ. ಒಂದು ತೊಡೆ ಆರೂವರೆ ತೋರಿಸಿತು. ಮುಂದಿನದೂ ಹಾಗೇ. ಅದರ ಮುಂದಿನದು ಆಗಲೇ ಐದೂವರೆಗೆ ಇಳಿದುಬಿಟ್ಟಿತ್ತು. ಕೈಯಿಟ್ಟರೆ ಇನ್ನೂ ಸುಡುವಷ್ಟು ಬಿಸಿ. ಅಂಥ ತೊಡೆಗಳಿಗೆಲ್ಲ ದಾರ ಕಟ್ಟಿ ಇಟ್ಟೆವು. ಮರುದಿನ ಬೆಳಿಗ್ಗೆ ದಾರ ಕಟ್ಟಿದವುಗಳ ಕೆಳಗಷ್ಟೇ ನೀರು.

ಗೆದ್ದೆ ಎಂದುಕೊಂಡು ನಿರ್ದೇಶಕರ ಬಳಿಗೆ ಓಡಿದೆ.

"ನಾನು ಹೇಳಿದ್ದು ಇದನ್ನೇ ಅಲ್ಲವಾ? ಮೈ ಬಿಸಿ! ಬಿಸಿಲು ಹೊಡೆದ ಹಂದಿಯ ಮೈ ಬಿಸಿಯಾಗದೆ ತಣ್ಣಗಿರುತ್ತಾ?"

ಅವರ ಮಾತಿನಲ್ಲಿ ಅರ್ಧ ನಿಜ ಇತ್ತು, ಅದೇ ಕಷ್ಟ. ಪೂರ್ತಿ ಸುಳ್ಳಾಡುವವರನ್ನು ಗೆಲ್ಲಬಹುದು. ಬಿಸಿಲಲ್ಲಿ ಕುಲುಕುತ್ತ ಬಂದ, ಕೋಲಿನಿಂದ ತಿವಿಸಿಕೊಂಡ ಹಂದಿಯ ಮಾಂಸ ಕೆಡುತ್ತದೆ. ಹಾಗಾಗಿ ಬಿಸಿಲನ್ನು ಮೊದಲು ಲೆಕ್ಕದಿಂದ ತೆಗೆಯೋಣ ಎಂದು ಹೊರಟೆ. ಲಾರಿ ನಸುಕಿಗೇ ಹೊರಡುವಂತೆ ಮಾಡಿದೆ. ಕೋಲಿನ ಬದಲು ಹಲಗೆ ಅಡ್ಡ ಹಿಡಿದು ನಡೆಸುವುದು, ಕಾರ್ಖಾನೆಯಲ್ಲಿ ನೀರು ಚಿಮುಕಿಸಿ ಒಂದಿಡೀ ದಿನ ಮಲಗಲು ಬಿಡುವುದು. ಡ್ರೈವರು ಜಗಳವಾಡಿದ, ಕಾವಲಿನವರು ಗೊಣಗಿದರು. ಒಬ್ಬನಂತೂ, "ಹಂದಿಗೆ ಹನಿಮೂನ್ ಮಾಡಿಸ್ತಾ ಇದಾರೆ ಡಾಕ್ಟರಮ್ಮ," ಎಂದು ನನಗೆ ಕೇಳಿಸುವಂತೆಯೇ ಅಂದ.

ಅಳುವ ತೊಡೆಗಳು ಕಡಿಮೆಯಾದವು. ನಿಲ್ಲಲಿಲ್ಲ. ಒಂದೇ ಲಾರಿ, ಒಂದೇ ನೆರಳು, ಒಂದೇ ನೀರು. ಆದರೂ ಅಕ್ಕಪಕ್ಕ ಮಲಗಿದ್ದ ಎರಡು ಹಂದಿಗಳಲ್ಲಿ ಒಂದರ ತೊಡೆ ಮೊಸರು, ಇನ್ನೊಂದರದು ಒಡೆದ ಹಾಲು. ಇದು ಹೊರಗಿನಿಂದ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು ಎಂದು ನನಗೆ ಖಾತ್ರಿಯಾಗತೊಡಗಿತು. ಯಾವ ಹುಟ್ಟು? ನಮ್ಮ ಹಂದಿಗಳ ಗುರುತು ಕಿವಿಯ ಅಂಚಿನಲ್ಲಿ ಕತ್ತರಿಸಿದ ಕಚ್ಚುಗಳಲ್ಲಿ ಇರುತ್ತಿತ್ತು. ಕಾರ್ಖಾನೆಯಲ್ಲಿ ಮೊದಲು ಹೋಗುವುದೇ ತಲೆ. ತಲೆಯೊಂದಿಗೆ ಕಿವಿ, ಕಿವಿಯೊಂದಿಗೆ ವಂಶ. ನನ್ನ ಮುಂದೆ ಬರುತ್ತಿದ್ದದ್ದು ಅನಾಥ ತೊಡೆಗಳು.

ಹಂದಿಯ ಹಿಂದೊಡೆಯ ಮೇಲೇ ಹಚ್ಚೆ ಹಾಕುವುದು ಎಂದಾಯಿತು. ಸೂಜಿಗಳನ್ನು ನೆಟ್ಟ ಅಚ್ಚನ್ನು ಮಸಿಯಲ್ಲಿ ಅದ್ದಿ ಒಂದೇ ಏಟು. ಮಸಿ ತೊಳೆದರೂ ಹೋಗದು, ಬಿಸಿನೀರಿಗೂ ಹೋಗದು. ಆದರೆ ಮೊದಲ ಕಂತಿನ ಮಸಿ ಹೋಯಿತು. ಕೊಳ್ಳುವ ವಿಭಾಗದವರು ಅಗ್ಗದ ಮಸಿ ತಂದಿದ್ದರು. ಕುದಿನೀರಿನ ತೊಟ್ಟಿಯಿಂದ ಹಂದಿಗಳು ಮದುವೆಯ ಹೆಣ್ಣಿನ ಹಾಗೆ ನುಣ್ಣಗೆ ಮೇಲೆ ಬಂದವು, ಒಂದು ಅಂಕಿಯೂ ಇಲ್ಲ. ಆ ದಿನ ನಾನು ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಬೀದರಿನವರು ಚಹಾ ತಂದುಕೊಟ್ಟು, "ತೊಡಿ ಅಳೂದು ಸಾಲದಂತ ನೀವೂ ಶುರು ಮಾಡಿದ್ರೇನ್ರಿ?" ಅಂದರು.

ಎರಡನೆಯ ಕಂತಿಗೆ ಮಸಿ ನಿಂತಿತು. ದಾರ ಕಟ್ಟಿದ ತೊಡೆಗಳ ಮೇಲಿನ ಹಚ್ಚೆ ಓದಿ ಕೇಂದ್ರದ ವಂಶದ ಪುಸ್ತಕಕ್ಕೆ ತಾಳೆ ನೋಡುತ್ತ ಹೋದೆ. ಒಂದು ಬಿಡದೆ ಎಲ್ಲಕ್ಕೂ ತಂದೆ ನವಾಬನ ಮಗ, ತಾಯಿ ನವಾಬನ ಮಗಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಂದಿಗಳ ಕೆಲವು ತಳಿಗಳಲ್ಲಿ ಒಂದು ದೋಷದ ಜೀನ್ ಇರುತ್ತದೆ. ಸ್ನಾಯುವನ್ನು ಎಚ್ಚರಿಸುವ ಕ್ಯಾಲ್ಸಿಯಮ್ಮಿನ ಬಾಗಿಲು ಒಮ್ಮೆ ತೆರೆದರೆ ಸರಿಯಾಗಿ ಮುಚ್ಚುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ನಮಗೆ ಆಗ ಗೊತ್ತಿದ್ದದ್ದು ಅದರ ಪರಿಣಾಮ ಮಾತ್ರ. ಹೆದರಿಸಿದರೆ, ಓಡಿಸಿದರೆ, ಬಿಸಿಲಿಗೆ ಹಿಡಿದರೆ ಸ್ನಾಯು ಉರಿದು ಸೆಟೆದುಕೊಳ್ಳುತ್ತದೆ. ಕೆಲವು ಅಲ್ಲೇ ಸಾಯುತ್ತವೆ. ಕೊಯ್ದರೆ ಮಾಂಸ ನೀರಾಗುತ್ತದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿ ಬಂದಾಗ ಈ ಅವಸ್ಥೆ. ಒಂದೇ ಪ್ರತಿ ಇದ್ದರೆ ಹಂದಿ ಆರೋಗ್ಯವಾಗಿರುತ್ತದೆ, ಸಾಲದ್ದಕ್ಕೆ ಕೊಬ್ಬು ಕಡಿಮೆ, ತೊಡೆ ಇನ್ನಷ್ಟು ತುಂಬು. ನವಾಬ ಹಾಗೆ ಒಂದು ಪ್ರತಿ ಹೊತ್ತವನು. ನಾವು ಅವನ ಮಕ್ಕಳಲ್ಲಿ ಅಂದದ ತೊಡೆಯವನ್ನೇ ಆರಿಸಿ ಉಳಿಸಿಕೊಂಡೆವು. ತೊಡೆಯನ್ನು ಆರಿಸುತ್ತಿದ್ದೇವೆ ಎಂದುಕೊಂಡು ದೋಷವನ್ನೇ ಆರಿಸಿದೆವು. ಆಮೇಲೆ ಆ ಗಂಡುಗಳನ್ನು ಆ ಹೆಣ್ಣುಗಳಿಗೇ ಕೂಡಿಸಿದೆವು.

ನಿರ್ದೇಶಕರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ. "ನವಾಬ ಬಂದು ಇಷ್ಟು ವರ್ಷ ಆಯಿತು. ಅವನ ಮಕ್ಕಳನ್ನೂ ಅದೇ ಕಾರ್ಖಾನೆಗೆ ಕಳಿಸಿದೆವು. ಆಗ ಯಾಕೆ ತೊಡೆ ಅಳಲಿಲ್ಲ?"

ಅಣ್ಣತಂಗಿಯರ ಮಕ್ಕಳು ಕೂಡಿದಾಗ ಒಳಗಿದ್ದದ್ದು ಹೊರಗೆ ಬೀಳುತ್ತದೆ ಎಂದು ಸಂಬಂಧದೊಳಗಿನ ಮದುವೆಯ ಉದಾಹರಣೆ ಕೊಡಲು ಬಾಯಿ ತೆರೆದೆ. ಅವರ ಹೆಂಡತಿ ಅವರ ಅಕ್ಕನ ಮಗಳೇ ಎಂಬುದು ನೆನಪಾಯಿತು. ನಾನೂ ಅತ್ತೆಯ ಮಗನ ಹೆಂಡತಿ. ಬಾಯಿ ಮುಚ್ಚಿಕೊಂಡೆ. ಬದಲಿಗೆ ಬಟಾಣಿ ಗಿಡದ ಉದಾಹರಣೆ ಕೊಟ್ಟೆ.

"ಬಟಾಣಿಗೆ ತೊಡೆ ಇರುತ್ತೇನಮ್ಮಾ?" ಅಂದರು.

ಉಳಿದದ್ದು ಒಂದೇ ದಾರಿ. ಎರಡು ಪ್ರತಿ ಹೊತ್ತ ಮರಿಗೆ ಹ್ಯಾಲೋಥೇನ್ ಎಂಬ ಅರಿವಳಿಕೆಯ ಔಷಧ ಮೂಸಿಸಿದರೆ, ನಿದ್ದೆ ಹೋಗುವ ಬದಲು ಹಿಂಗಾಲು ಕಟ್ಟಿಗೆಯಂತೆ ಸೆಟೆಯುತ್ತವೆ. ನಮ್ಮಲ್ಲಿ ಆ ಔಷಧವಿಲ್ಲ, ಯಂತ್ರವಿಲ್ಲ. ಕೇಳಿ ಬರೆದ ಪತ್ರ ಎಷ್ಟೋ ಮೇಜು ದಾಟಿ, 'ಹಂದಿಗೆ ಮನುಷ್ಯರ ಔಷಧ ಏಕೆ?' ಎಂಬ ಷರಾ ಹೊತ್ತು ವಾಪಸು ಬಂತು. ಮತ್ತೆ ಬರೆದೆ. ಕಡೆಗೆ ಪಶುವೈದ್ಯ ಕಾಲೇಜಿನ ಒಬ್ಬ ಶಸ್ತ್ರವೈದ್ಯರು ತಾವೇ ಯಂತ್ರ ಹೊತ್ತು ಬಂದರು. ನಾಯಿಗಳ ಮುಖವಾಡ ಹಂದಿಯ ಮೂತಿಗೆ ಕೂರಲಿಲ್ಲ. ಮದುವೆಗಳಲ್ಲಿ ಮರ್ಫಾ ಡೋಲು ಬಾರಿಸುವವರ ಹತ್ತಿರ ಹಳೆಯ ಚರ್ಮ ತಂದು ಅಂಚು ಕಟ್ಟಿದೆವು.

ಎಂಟು ವಾರದ ಮರಿಗಳನ್ನು ಒಂದೊಂದಾಗಿ ಮರದ ದೋಣಿಯಲ್ಲಿ ಅಂಗಾತ ಮಲಗಿಸಿ ಮೂತಿಗೆ ಮುಖವಾಡ. ಮೊದಲು ಕೊಸರಾಟ, ಆಮೇಲೆ ಮೈ ಸಡಿಲ, ಬಾಳೆದಿಂಡಿನ ಹಾಗೆ. ಎರಡು ಮರಿ, ಮೂರು ಮರಿ, ಏನೂ ಇಲ್ಲ. ಹಿಂದೆ ನಿಂತಿದ್ದ ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. ಮುಂದಿನ ಮರಿ ಸಡಿಲಾಯಿತು, ಆಮೇಲೆ ಅದರ ಹಿಂಗಾಲು ಮೆಲ್ಲಗೆ ಚಾಚಿಕೊಂಡು ಗೂಟವಾಯಿತು. ಹೊಟ್ಟೆಯ ಮೇಲೆ ಕೆಂಪು ಮಚ್ಚೆ ಎದ್ದವು. "ತೆಗೆಯಿರಿ, ತೆಗೆಯಿರಿ," ಎಂದು ನಾನೇ ಮುಖವಾಡ ಕಿತ್ತೆ. ಅದು ಬದುಕಿತು. ಆ ದಿನ ಸೆಟೆದವುಗಳಲ್ಲಿ ಒಂದು ಬದುಕಲಿಲ್ಲ. ಅದನ್ನು ನೋಡುವುದು ಸುಲಭವಾಗಿರಲಿಲ್ಲ.

ನಿರ್ದೇಶಕರು ಬಗ್ಗಿ ಸತ್ತ ಮರಿಯ ಹಿಂಗಾಲನ್ನು ಮುಟ್ಟಿ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿದರು. "ಒಳ್ಳೆ ಕೆಲಸ ಮಾಡಿದೆಯಮ್ಮಾ. ಕೊಡಬೇಕಾದ ಗಂಡುಗಳಿಗೆಲ್ಲ ಈ ಪರೀಕ್ಷೆ ಮಾಡು. ಸೆಟೆದವನ್ನು ತೆಗೆದುಹಾಕು. ಉಳಿದವಕ್ಕೆ ಸಹಿ ಹಾಕು."

ತೊಡಕು ಇದ್ದದ್ದು ಅಲ್ಲೇ. ಹ್ಯಾಲೋಥೇನ್ ಹಿಡಿಯುವುದು ಎರಡು ಪ್ರತಿಯವನ್ನು ಮಾತ್ರ. ಒಂದು ಪ್ರತಿ ಹೊತ್ತವು ಹಾಯಾಗಿ ನಿದ್ದೆ ಹೋಗಿ, ಎದ್ದು, ಕಿವಿ ಕೊಡವಿಕೊಂಡು ಹೋಗುತ್ತವೆ. ನವಾಬನಿಗೇ ಮೂಸಿಸಿದರೂ ಅವನು ಗೊರಕೆ ಹೊಡೆದಾನು. ರಕ್ತದಲ್ಲಿ ಅದನ್ನು ಕಂಡುಹಿಡಿಯುವ ಪರೀಕ್ಷೆ ಆಗ ಇರಲಿಲ್ಲ. ತಿಂಗಳುಗಟ್ಟಲೆ ಜಗಳವಾಡಿ ತಂದ ನನ್ನದೇ ಪರೀಕ್ಷೆ ಈಗ ನನಗೇ ತಿರುಗಿ ನಿಂತಿತ್ತು.

"ಸರ್, ನಿದ್ದೆ ಹೋದವುಗಳಲ್ಲೂ ಬಹಳಷ್ಟು ಅದನ್ನು ಒಳಗೆ ಹೊತ್ತಿವೆ. ಹಳ್ಳಿಯಲ್ಲಿ ಒಂದು ಗಂಡು ಎಂದರೆ ಊರಿಗೆಲ್ಲ ಅದೇ ಗಂಡು. ಅದರ ಮಗಳು, ಮೊಮ್ಮಗಳಿಗೂ ಅದೇ. ಎರಡೇ ವರ್ಷದಲ್ಲಿ ಇಲ್ಲಿ ಆದದ್ದು ಅಲ್ಲಿ ಆಗುತ್ತದೆ. ಅಲ್ಲಿ ಹಿಂದಕ್ಕೆ ತೆಗೆಯಲು ಬರುವುದಿಲ್ಲ."

"ನಿನ್ನ ಪರೀಕ್ಷೆ ಪಾಸ್ ಅನ್ನುತ್ತೆ, ನೀನು ಫೇಲ್ ಅನ್ನುತ್ತೀಯ. ನಾನು ಯಾರ ಮಾತು ಕೇಳಲಿ?"

"ನಾನು ಸಹಿ ಹಾಕುವುದಿಲ್ಲ, ಸರ್."

ಹೇಳಿಬಿಟ್ಟೆ. ಹೇಳುವಾಗ ಧೈರ್ಯವೇನೂ ಇರಲಿಲ್ಲ, ಸಿಟ್ಟಿತ್ತು. ಅವರು ಗೋಡೆಯ ಮೇಲಿನ ನವಾಬನ ಕಡೆ ನೋಡಿ, "ಹಾಗಾದರೆ ಕಾಯುತ್ತಾ ಇರುವವರಿಗೂ ನೀನೇ ಉತ್ತರ ಹೇಳು," ಅಂದರು.

ಉತ್ತರ ಕೇಳಲು ಬಂದವಳು ಪಟಾನ್‌ಚೆರು ಕಡೆಯ ಒಬ್ಬ ಹೆಂಗಸು. ಅಲ್ಲಿನ ಫ್ಯಾಕ್ಟರಿಗಳ ಕ್ಯಾಂಟೀನಿನಲ್ಲಿ ಉಳಿದ ಅನ್ನ ತಂದು ಹಂದಿ ಸಾಕುವವಳು. ಎರಡು ಬಸ್ಸು ಬದಲಿಸಿ ಬಂದಿದ್ದಳು. ನನ್ನ ಮೇಜಿನ ಮುಂದೆ ನಿಂತು ತೆಲುಗಿನಲ್ಲಿ ಶುರುಮಾಡಿದಳು: "ಡಾಕ್ಟರಮ್ಮಾ, ಕಲ್ಲು ಹಾಸು ಅಂದ್ರಿ, ಹಾಸಿದೆ. ನಿನ್ನ ಹಂದಿಯ ಬೀಜ ಒಡೆಸು ಅಂದ್ರಿ, ಒಡೆಸಿದೆ. ನನ್ನ ಹೆಣ್ಣುಗಳು ಎರಡು ಸಲ ಬೆದೆಗೆ ಬಂದು ಹೋದವು. ಈಗ ಗಂಡು ಇಲ್ಲ ಅಂತೀರಂತೆ. ನನ್ನ ಹಳೇ ಗಂಡಿಗೆ ಬೀಜ ವಾಪಸು ಹೊಲಿದು ಕೊಡ್ತೀಯಾ?"

ಗಂಡು ನೋಡಲು ಚೆನ್ನಾಗಿದೆ, ಒಳಗೆ ದೋಷ ಇದೆ ಎಂದೆ.

"ಕಾಣುತ್ತಾ?"

"ಇಲ್ಲ."

"ಪರೀಕ್ಷೆ?"

"ಅದರಲ್ಲೂ ಇಲ್ಲ."

ಅವಳು ನನ್ನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಹೋಗುವಾಗ ಅಂದಳು: "ಕಾಣದ್ದಕ್ಕೆ ಹೆದರಿ ನೀನು ಕೂತಿರಬಹುದಮ್ಮಾ, ನಿನಗೆ ಸಂಬಳ ಬರುತ್ತೆ."

ಆ ಸಂಜೆ ಬಚ್ಚಲಿನಿಂದ ಬಂದವಳು ಊಟಕ್ಕೆ ಕೂತು ಅತ್ತೆಯ ಮೇಲೆ ಹರಿಹಾಯ್ದೆ. ಸಿಟ್ಟು ಯಾರ ಮೇಲೋ, ಬಿದ್ದದ್ದು ಯಾರ ಮೇಲೋ. "ಒಳಗೊಳಗs ಕೊಟ್ಟು ತಂದ್ರ ಹಿಂಗs ಆಗೂದು ಅತ್ತಿ. ಹಂದೀಗೂ ಅಷ್ಟs, ಮಂದೀಗೂ ಅಷ್ಟs."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಹಂದಿ ಸುದ್ದಿ ನಂಗೊತ್ತಿಲ್ಲ. ನಮ್ಮ ಮನಿ ಸುದ್ದಿ ಕೇಳು. ನಿನ್ನ ಮುತ್ತ್ಯಾನ ಕಾಲದಿಂದ ಒಳಗs ಕೊಟ್ಟು ಒಳಗs ತಂದೇವಿ. ಅಂಥಾದ್ದೇನರ ಇದ್ದಿದ್ದರ ಇಷ್ಟೊತ್ತಿಗೆ ಹೊರಗ ಬೀಳತಿದ್ದಿಲ್ಲೇನು? ಹೊರಗಿಂದ ಬಂದದ್ದs ಗೊತ್ತಾಗಂಗಿಲ್ಲವಾ. ಒಳಗಿಂದು ಅಡಗಿ ಕೂಡಾಂಗಿಲ್ಲ. ರೊಟ್ಟಿ ಆರತೈತಿ, ಉಣ್ಣು."

ಮನುಷ್ಯರ ಮಟ್ಟಿಗೆ ಅತ್ತೆಯ ಈ ವಾದವನ್ನು ಇವತ್ತಿಗೂ ನಾನು ಒಪ್ಪುವುದಿಲ್ಲ. ಆದರೆ ರೊಟ್ಟಿ ಮುರಿದ ಕೈ ಅಲ್ಲೇ ನಿಂತಿತು. ನವಾಬನ ಕೊಟ್ಟಿಗೆಯ ಹಿಂದೆ, ಗೊಬ್ಬರದ ಗುಂಡಿಯ ಪಕ್ಕ, ನಮ್ಮ ಹಳೆಯ ಯಾರ್ಕ್‌ಶೈರ್ ಹಂದಿಗಳ ಸಾಲು ಇತ್ತು. ನೆಟ್ಟಗಿನ ಕಿವಿ, ಚಪ್ಪಟೆ ತೊಡೆ. ಯಾವ ಅಧಿಕಾರಿಯೂ ಆ ಕಡೆ ಹೋದವನಲ್ಲ. ಎಷ್ಟೋ ವರ್ಷಗಳಿಂದ ಹೊಸ ರಕ್ತ ತರಿಸಲು ಹಣವಿಲ್ಲದೆ ಒಳಗೊಳಗೇ ಕೂಡಿಸುತ್ತ ಬಂದಿದ್ದೆವು. ಅದು ಆ ತಳಿಯ ಬಡತನ ಎಂದೇ ನಾನೂ ಬರೆದು ಕಳಿಸಿದ್ದೆ. ಅಷ್ಟು ತಲೆಮಾರು ಒಳಗೇ ಕೂಡಿಯೂ ಲಾರಿ ಹತ್ತಿಸುವಾಗ ಅವುಗಳಲ್ಲಿ ಒಂದೂ ಸೆಟೆದದ್ದು ಯಾರಿಗೂ ನೆನಪಿಲ್ಲ. ಆ ಸಾಲಿನಲ್ಲಿ ಈ ದೋಷ ಅಡಗಿದ್ದಿದ್ದರೆ ಯಾವತ್ತೋ ಹೊರಬೀಳಬೇಕಿತ್ತು. ಹೇಳಿಕೆಯ ಮಾತು ಸಾಲದು, ನೋಡಬೇಕು.

ಶಸ್ತ್ರವೈದ್ಯರು ಬೇಸರಪಟ್ಟುಕೊಳ್ಳದೆ ಮತ್ತೆ ಬಂದರು. ಆ ಸಾಲಿನಲ್ಲಿ ಸಿಕ್ಕ ಮರಿಗಳಿಗೆಲ್ಲ ಮುಖವಾಡ ಹಿಡಿದೆವು. ಎಲ್ಲವೂ ಬಾಳೆದಿಂಡು. ಒಂದಾದರೂ ಸೆಟೆಯಬಹುದು ಎಂಬ ಹೆದರಿಕೆಗೆ ಪ್ರತಿ ಮರಿಯ ಹಿಂಗಾಲನ್ನು ನಾನೇ ಹಿಡಿದು ಕೂತಿದ್ದೆ. ಕಾರ್ಖಾನೆಗೆ ಕೆಲವನ್ನು ಕಳಿಸಿ ಮುಕ್ಕಾಲು ಗಂಟೆಗೆ ಅಳೆದೆ: ಆರೂವರೆ, ಆರೂವರೆ. ಬೀದರಿನವರು ಮರುದಿನ ಕೆಳಗಿನ ಪರಾತ ತೋರಿಸಿದರು. "ಒಣಗೇದ ನೋಡ್ರಿ. ತೊಡಿ ಸಣ್ಣದು ಖರೆ. ಆದ್ರ ಮನಿತನಸ್ತರದು."

ನವಾಬನ ಮೊಮ್ಮಕ್ಕಳಿಗೆ ಬೀಜ ಒಡೆಸಿ ಮಾಂಸಕ್ಕೆ ಕಳಿಸುವುದು, ಹಳ್ಳಿಗೆ ಯಾರ್ಕ್‌ಶೈರ್ ಗಂಡುಗಳನ್ನು ಕೊಡುವುದು ಎಂದು ಬರೆದು ನಿರ್ದೇಶಕರ ಮುಂದಿಟ್ಟೆ. ಅವರು ಓದಿ, "ಈ ಬಡಕಲು ತೊಡೆಗಳನ್ನು ನಮ್ಮ ಕೇಂದ್ರದ ಹೆಸರಲ್ಲಿ ಕೊಡಬೇಕಾ?" ಎಂದರು. ಒಪ್ಪಿದ್ದು ನನ್ನ ವಾದಕ್ಕಲ್ಲ. ಕಾರ್ಖಾನೆಯವರು ಇನ್ನು ನವಾಬನ ಕಡೆಯ ಹಂದಿ ಬೇಡ ಎಂದು ತಿಳಿಸಿದ್ದಕ್ಕೆ, ಹಳ್ಳಿಯವರು ಗೇಟಿನ ಮುಂದೆ ಬಂದು ಕೂತದ್ದಕ್ಕೆ. ಮತ್ತೊಂದು ಮಾತೂ ಸೇರಿಸಿದರು: "ನವಾಬ ಮಾತ್ರ ಇಲ್ಲೇ ಇರುತ್ತಾನೆ." ಫ್ಯಾನಿನ ಕೆಳಗೆ ಇದ್ದೇ ಇದ್ದ, ಮುದಿಯಾಗುವ ತನಕ, ಒಂದು ದಿನವೂ ಕೆಮ್ಮದೆ.

ನಾನು ಸಹಿ ಹಾಕಿದೆ. ಹಂಚುವ ದಿನ ಸಿಕ್ಕಿದ್ದು ಮೇ ತಿಂಗಳಲ್ಲಿ. ನಸುಕಿಗೆ ಬರಬೇಕಾದ ಲಾರಿ ಬಂದದ್ದು ಹನ್ನೊಂದಕ್ಕೆ. ನಾನೂ ಮುಂದೆ ಡ್ರೈವರ ಪಕ್ಕ ಹತ್ತಿ ಕೂತೆ. ಪಟಾನ್‌ಚೆರು ಇನ್ನೂ ಮುಂದಿರುವಾಗ ಲಾರಿ ಕೆಟ್ಟು ನಿಂತಿತು. ನೆರಳಿಗೆ ಒಂದು ಜಾಲಿ ಗಿಡವೂ ಇಲ್ಲ. ಡ್ರೈವರು ಬಾನೆಟ್ ಎತ್ತಿಕೊಂಡು ಬಯ್ಯುತ್ತ ನಿಂತ. ನಾನು ಹಿಂದೆ ಹೋಗಿ ಹಲಗೆಯ ಸಂದಿಯಲ್ಲಿ ನೋಡಿದೆ. ಹಂದಿಗಳು ಬಾಯಿ ತೆರೆದು ಏದುತ್ತಿದ್ದವು. ಡಾಂಬರು ಕರಗಿ ಕಾಲಿಗೆ ಹತ್ತುತ್ತಿತ್ತು. ನನ್ನ ವಾದ ಸರಿ ಇದ್ದರೆ ಇವು ತಡೆದುಕೊಳ್ಳಬೇಕು. ತಪ್ಪಿದ್ದರೆ ಇಲ್ಲೇ ಒಂದೊಂದಾಗಿ ಸೆಟೆಯಬೇಕು. ಫ್ಯಾಕ್ಟರಿಯೊಂದರ ಗೇಟಿನಿಂದ ಕೊಡ ಕೊಡ ನೀರು ಹೊತ್ತು ತಂದು ಸುರಿದೆ, ಸೀರೆಯೆಲ್ಲ ಒದ್ದೆ. ಹಂದಿಯ ಹಿಂಗಾಲುಗಳನ್ನು ಅಷ್ಟು ಹೊತ್ತು, ಅಷ್ಟು ಭಕ್ತಿಯಿಂದ ನಾನು ಎಂದೂ ನೋಡಿರಲಿಲ್ಲ.

ಲಾರಿ ಹಳ್ಳಿ ಮುಟ್ಟಿದಾಗ ಮಧ್ಯಾಹ್ನ ವಾಲಿತ್ತು. ಹಲಗೆ ಇಳಿಸಿದರು. ಮೊದಲನೆಯದು ಮೂತಿ ಹೊರಗೆ ಹಾಕಿತು, ಮೂಸಿತು, ಇಳಿದು ನೇರ ಚರಂಡಿಗೆ ಹೋಗಿ ಹೊರಳಿತು. ಎರಡನೆಯದು ಅದರ ಮೇಲೆ. ಒಂದು ಉಳಿಯದೆ ಎಲ್ಲವೂ ನಡೆದೇ ಇಳಿದವು.

ಆ ಹೆಂಗಸು ತನ್ನ ಪಾಲಿನ ಗಂಡಿನ ಹಿಂಬದಿಯ ಮೇಲೆ ಕೈಯಾಡಿಸಿ ಅಕ್ಕಪಕ್ಕದವರಿಗೆ ಅಂದಳು: "ನೋಡ್ರೇ, ಡಾಕ್ಟರಮ್ಮ ನಮಗೆ ಉಪವಾಸದ ಹಂದಿ ತಂದಿದಾಳೆ." ಎಲ್ಲರೂ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮುಖ ನೋಡಿ ಒಳಗೆ ಎಲ್ಲ ಸತ್ತಿವೆ ಅಂದುಕೊಂಡಿದ್ದೆ. ನೀರು ಕುಡಿ," ಎಂದು ಚೊಂಬು ಕೊಟ್ಟಳು. ನಾನು ಕುಡಿಯುತ್ತಿದ್ದಾಗ ಅವಳು ಕೋಲಿಲ್ಲದೆ, ಬಾಯಲ್ಲಿ ಸದ್ದು ಮಾಡುತ್ತಲೇ ಗಂಡನ್ನು ತನ್ನ ಕಲ್ಲುಹಾಸಿನ ಕೊಟ್ಟಿಗೆಗೆ ನಡೆಸಿಕೊಂಡು ಹೋದಳು.

ಸಂಜೆ ಕೇಂದ್ರಕ್ಕೆ ವಾಪಸು ಬಂದೆ. ನಿರ್ದೇಶಕರು ಇನ್ನೂ ಕೂತಿದ್ದರು.

"ಲಾರಿ ದಾರಿಯಲ್ಲಿ ಕೆಟ್ಟಿತಂತೆ. ಎಷ್ಟು ಹೋದವು?"

"ಒಂದೂ ಇಲ್ಲ, ಸರ್."

ಅವರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಗೋಡೆಯ ಮೇಲಿನ ಫೋಟೋದತ್ತ ಒಮ್ಮೆ ನೋಡಿದರು.

"ಈವತ್ತು ಬಿಸಿಲು ಅಷ್ಟೇನೂ ಇರಲಿಲ್ಲ ಅಲ್ಲವೇನಮ್ಮಾ," ಅಂದರು.

ನಾನು ಹಂಚಿಕೆಯ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟೆ. ಹೊರಗೆ ಬರುವಾಗ ಚಪ್ಪಲಿ ಅವರ ಕೋಣೆಯ ನೆಲಕ್ಕೆ ಹತ್ತಿ ಹತ್ತಿ ಬಿಡುತ್ತಿತ್ತು. ಅಡಿಗೆ ಮೆತ್ತಿದ ಡಾಂಬರು ಇನ್ನೂ ಆರಿರಲಿಲ್ಲ.